ಚಾವಡಿಗೆ ಬಾರದ ಯುದ್ಧದಾಟ

ನಮ್ಮ ಕರಾವಳಿಯಲ್ಲಿ "ರಾತ್ರಿ ಆಟಕ್ಕೆ ಹೋಗಿ ಬರ್ತೇನೆ" ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆಟ ಅಂದರೆ ಯಕ್ಷಗಾನ. ಎಪ್ಪತ್ತರ ಅಜ್ಜ ಬಯಲಲ್ಲಿ ಕೂತು ಕರ್ಣಾರ್ಜುನ ಕಾಳಗ ನೋಡಿ ಬೆಳಗಾದ ಮೇಲೆ ಮನೆಗೆ ಬಂದರೂ ಅದು ಮರ್ಯಾದೆಯ ಹವ್ಯಾಸ. ಅದೇ ಮೂವತ್ತೈದರ ಗಂಡಸೊಬ್ಬ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಒಂದಿಂಚು ಎತ್ತರದ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು, ದಾಳ ಹಾಕಿದರೆ ಮಾತು ಬೇರೆಯಾಗುತ್ತದೆ. "ಎಂತ ಇದು ಜೋಕುಲಾಟಿಕೆ?" ಅನ್ನುತ್ತಾರೆ. ಜೋಕುಲಾಟಿಕೆ ಅಂದರೆ ತುಳುವಿನಲ್ಲಿ ಮಕ್ಕಳಾಟ.

ಈ ಪ್ರಶ್ನೆಯನ್ನು ನಾನು ಹನ್ನೆರಡು ವರ್ಷಗಳಿಂದ ಕೇಳುತ್ತಿದ್ದೇನೆ. ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆ. ಅದರ ಹಿಂದಿನ ಕೋಣೆಯಲ್ಲಿ, ಬಾಗಿಲು ಅರ್ಧ ಮುಚ್ಚಿಕೊಂಡು ಆಡುತ್ತಿದ್ದೆವು. ಮುಚ್ಚಿದ ಬಾಗಿಲೇ ಅನುಮಾನವನ್ನು ಬೆಳೆಸಿತು ಎಂದು ನನಗೆ ಈಗ ಅನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಆಟ ಏನು ಅಂತ ಹೇಳುತ್ತೇನೆ. ವಾರ್‌ಗೇಮ್, ಅಂದರೆ ಯುದ್ಧದಾಟ, ಎಂದ ಕೂಡಲೇ ಜನರಿಗೆ ಮೊಬೈಲಿನ ಗುಂಡು ಹಾರಿಸುವ ಆಟ ನೆನಪಾಗುತ್ತದೆ. ಇದು ಅದಲ್ಲ. ಇಲ್ಲಿ ಸ್ಕ್ರೀನ್ ಇಲ್ಲ. ಎದುರಾಳಿ ನಿಮ್ಮ ಮುಂದೆಯೇ ಕೂತಿರುತ್ತಾರೆ. ಒಂದು ಬಗೆಯಲ್ಲಿ ನಕ್ಷೆಯ ಮೇಲೆ ಜೇನುಗೂಡಿನಂಥ ಮನೆಗಳಿರುತ್ತವೆ. ಅವುಗಳಲ್ಲಿ ರಟ್ಟಿನ ಸಣ್ಣ ಚೌಕಗಳನ್ನು ನಡೆಸಬೇಕು. ಒಂದೊಂದು ಚೌಕ ಒಂದೊಂದು ತುಕಡಿ. ಇನ್ನೊಂದು ಬಗೆಯಲ್ಲಿ ಬಣ್ಣ ಹಚ್ಚಿದ ಪುಟ್ಟ ಸೈನಿಕರು, ಕುದುರೆ, ಫಿರಂಗಿ. ಗುಡ್ಡ, ಗದ್ದೆ, ಮನೆಗಳನ್ನೂ ನಾವೇ ಮಾಡಿ ಇಡುತ್ತೇವೆ. ಒಂದು ಆಟಕ್ಕೆ ಮೂರು ನಾಲ್ಕು ಗಂಟೆ ಬೇಕು. ಕೆಲವಕ್ಕೆ ಎರಡು ಮೂರು ಭಾನುವಾರ. ನಿಯಮದ ಪುಸ್ತಕವನ್ನು ಪರೀಕ್ಷೆಗೆ ಓದಿದ ಹಾಗೆ ಓದಬೇಕು.

ಇಷ್ಟಕ್ಕೆ ಯಾಕೆ ಮುಜುಗರ? ನನ್ನ ಲೆಕ್ಕದಲ್ಲಿ ಅದರ ಬೇರು ಒಂದಲ್ಲ.

ದೊಡ್ಡ ಬೇರು ಮಾರ್ಕು. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ. 93.90 ಪಡೆದು ರಾಜ್ಯಕ್ಕೇ ಮೊದಲು ಬಂತು. ಶೇ. 93.57ರ ದಕ್ಷಿಣ ಕನ್ನಡ ಎರಡನೆಯದು. ಅದೇ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇದು ನಮಗೆಲ್ಲ ಹೆಮ್ಮೆಯ ವಿಷಯವೇ. ಆದರೆ ಮಕ್ಕಳ ಪ್ರತಿ ಗಂಟೆಯನ್ನೂ ಈ ಅಂಕಿಗಳ ತಕ್ಕಡಿಯಲ್ಲಿ ತೂಗುವ ಅಭ್ಯಾಸವೂ ಇದರ ಜತೆಗೇ ಬಂದಿದೆ. ಭರತನಾಟ್ಯಕ್ಕೆ ಜೂನಿಯರ್, ಸೀನಿಯರ್ ಪರೀಕ್ಷೆ ಉಂಟು. ಕರಾಟೆಗೆ ಬೆಲ್ಟ್ ಉಂಟು. ಚೆಸ್‌ಗೆ ರೇಟಿಂಗ್ ಉಂಟು. ಯಾವ ಸರ್ಟಿಫಿಕೇಟೂ ಕೊಡದ ಆಟಕ್ಕೆ ಹೋದ ಸಮಯ ದಂಡ ಎಂದೇ ಲೆಕ್ಕ. ದೊಡ್ಡವರಾದ ಮೇಲೂ ಈ ತಕ್ಕಡಿ ನಮ್ಮನ್ನು ಬಿಡುವುದಿಲ್ಲ. ಆಗ ಮಾರ್ಕಿನ ಜಾಗಕ್ಕೆ ಸಂಬಳ ಬರುತ್ತದೆ, ಅಷ್ಟೇ.

ಇನ್ನೊಂದು ಬೇರು ದಾಳ. ದಾಳ ಕಂಡರೆ ಶಕುನಿ ನೆನಪಾಗುತ್ತಾನೆ. ಕೋಳಿ ಅಂಕ, ಇಸ್ಪೀಟು, ಪೊಲೀಸ್ ರೈಡು ನೆನಪಾಗುತ್ತವೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಜೂಜಿನಿಂದ ಮನೆ ಮಾರಿಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ದಾಳ ಬೇರೆ, ಪಣ ಬೇರೆ. ಜೂಜಿಗೆ ಶಿಕ್ಷೆ ಹೇಳುವ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೇ ಕೌಶಲದ ಆಟಗಳನ್ನು ಬೇರೆಯಾಗಿ ನೋಡುತ್ತದೆ. ಇಸ್ಪೀಟಿನ ರಮ್ಮಿ ಕೂಡ ಮುಖ್ಯವಾಗಿ ಕೌಶಲದ ಆಟವೇ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅಲ್ಲಿಯೂ ತಕರಾರು ಹಣದ ಮೇಲೆ. ನಮ್ಮ ಮೇಜಿನ ಮೇಲೆ ಒಂದು ರೂಪಾಯಿಯೂ ಇರುವುದಿಲ್ಲ. ಸೋತವರು ಚಹಾ ಮಾಡಬೇಕು.

ಮತ್ತೆ ಗೊಂಬೆ. ಇದು ಸಣ್ಣ ವಿಷಯ ಅನಿಸಬಹುದು. ನನಗೆ ಜಾಸ್ತಿ ನೋವು ಕೊಟ್ಟದ್ದು ಇದೇ. ಮದುವೆ ಮಾತುಕತೆಯ ಸಮಯದಲ್ಲಿ ಹುಡುಗಿ ಕಡೆಯವರು ಮನೆ ನೋಡಲು ಬಂದಿದ್ದರು. ಅವರಲ್ಲಿ ಒಬ್ಬ ಹಿರಿಯರು ಕಪಾಟಿನಲ್ಲಿದ್ದ ಸೈನಿಕರನ್ನು ನೋಡಿ, "ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?" ಎಂದು ಕೇಳಿದರು. ಅಮ್ಮ ತಕ್ಷಣ, "ಮಗಳ ಮಗನದ್ದು" ಅಂದರು. ನನ್ನ ಅಮ್ಮ ಸುಳ್ಳು ಹೇಳುವವರಲ್ಲ. ಅವರ ಬಾಯಲ್ಲಿ ಸುಳ್ಳು ಬರುವ ಹಾಗೆ ಆಯಿತಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಒಂದೊಂದು ಸೈನಿಕನಿಗೆ ಎರಡೆರಡು ಗಂಟೆ ಕೂತು ಬಣ್ಣ ಹಚ್ಚಿದ್ದೆ. ಅದನ್ನು ನನ್ನದು ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ.

ಇದು ನಮ್ಮೂರಿನ ಗುಣ ಮಾತ್ರ ಅಲ್ಲ. ಅಮೆರಿಕದಲ್ಲಿ 1974ರಲ್ಲಿ ಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಕಲ್ಪನೆಯ ಪಾತ್ರಗಳಾಗಿ ಆಡುವ ಆಟ, ಹುಟ್ಟಿದ್ದು ಈ ಪುಟ್ಟ ಸೈನಿಕರ ಯುದ್ಧದಾಟದಿಂದಲೇ. 1979ರಲ್ಲಿ ಮಿಷಿಗನ್‌ನ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಅದರ ಮೇಲೆ ಗೂಬೆ ಕೂರಿಸಿದರು. ಆ ಹುಡುಗ ಹೊರಟುಹೋಗಲು ಆಟ ಕಾರಣವಾಗಿರಲಿಲ್ಲ. ಆದರೂ ಮುಂದಿನ ಹತ್ತು ವರ್ಷ ಅಲ್ಲಿನ ಎಷ್ಟೋ ಅಪ್ಪ ಅಮ್ಮ ಅದನ್ನು ಸೈತಾನನ ಆಟ ಎಂದೇ ನಂಬಿದ್ದರು.

ವಿಚಿತ್ರ ಏನೆಂದರೆ, ನಾವು ಮಕ್ಕಳನ್ನು ಸಂಜೆ ಚೆಸ್ ಕ್ಲಾಸಿಗೆ ಖುಷಿಯಿಂದ ಬಿಟ್ಟು ಬರುತ್ತೇವೆ. 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಇಡೀ ದೇಶ ಸಂಭ್ರಮಿಸಿತು. ಚೆಸ್ ಹುಟ್ಟಿದ್ದು ನಮ್ಮ ಚತುರಂಗದಿಂದ. ಆನೆ, ಕುದುರೆ, ರಥ, ಕಾಲಾಳು, ಇವೇ ಸೇನೆಯ ನಾಲ್ಕು ಅಂಗ. ಅದು ಯುದ್ಧದ್ದೇ ಆಟ. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬ ಗಣಿತದ ಮೇಷ್ಟ್ರು ಅದೇ ಚೆಸ್ ಹಲಗೆಯನ್ನು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹಿಗ್ಗಿಸಿದರು. ಅದರಲ್ಲಿ ಗುಡ್ಡ, ಕೆರೆ, ಫಿರಂಗಿ ಸೇರಿಸಿದರು. 1812ರಲ್ಲಿ ಪ್ರಷ್ಯಾದ ಫಾನ್ ರೈಸ್‌ವಿಟ್ಜ್ ಇಂಥದ್ದೇ ಆಟವೊಂದನ್ನು ರಾಜನಿಗೆ ತೋರಿಸಿದರು. 1824ರಲ್ಲಿ ಅವರ ಮಗ, ಸೇನೆಯ ಅಧಿಕಾರಿ, ಅದನ್ನು ನಿಜವಾದ ನಕ್ಷೆಯ ಮೇಲೆ ತಂದರು. ಅದನ್ನು ನೋಡಿದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್, ಇದು ಆಟವಲ್ಲ, ಯುದ್ಧದ ತರಬೇತಿ ಎಂದರಂತೆ. ಅಂದರೆ ನಮ್ಮ ಮೇಜಿನ ಆಟಕ್ಕೂ ಚೆಸ್‌ಗೂ ಅಜ್ಜಿ ಒಬ್ಬಳೇ. ಒಬ್ಬ ಮೊಮ್ಮಗನಿಗೆ ಮನೆಯ ಮುಂದಿನ ಚಾವಡಿಯಲ್ಲಿ ಜಾಗ ಸಿಕ್ಕಿತು, ಇನ್ನೊಬ್ಬ ಹಿಂದಿನ ಕೋಣೆಯಲ್ಲಿ ಉಳಿದ.

ಇದು ಗಂಡು ಹುಡುಗರ ಹುಚ್ಚು ಎನ್ನುವವರಿಗೆ ನಾನು ಲಿವರ್‌ಪೂಲ್ ಕತೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಸಾಲು ಸಾಲಾಗಿ ಮುಳುಗಿಸುತ್ತಿದ್ದವು. 1942ರಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಪಡೆಯ ಅಧಿಕಾರಿ ಅಲ್ಲಿ ಒಂದು ದೊಡ್ಡ ಕೋಣೆಯ ನೆಲದ ಮೇಲೆ ಸಮುದ್ರ ಬರೆಸಿದರು. ಇಪ್ಪತ್ತರ ಆಸುಪಾಸಿನ ಯುವತಿಯರು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹಡಗು ನಡೆಸಿದರು. ರಾಬರ್ಟ್ಸ್ ಕ್ಷಯರೋಗದಿಂದಾಗಿ ನೌಕಾಪಡೆಯಿಂದ ಹೊರಬಿದ್ದಿದ್ದ ಮನುಷ್ಯ. ಆಡುತ್ತಾ ಆಡುತ್ತಾ ಒಂದು ಗುಟ್ಟು ಗೊತ್ತಾಯಿತು. ಶತ್ರು ಹೊರಗಿನಿಂದ ಗುಂಡು ಬಿಡುತ್ತಿಲ್ಲ. ಹಿಂಬದಿಯಿಂದ ಬಂದು ಹಡಗುಗಳ ಸಾಲಿನ ಒಳಗೇ ನುಗ್ಗುತ್ತಿದ್ದಾನೆ. ಅದಕ್ಕೆ ಉತ್ತರವನ್ನೂ ಅದೇ ನೆಲದ ಮೇಲೆ ಕಂಡುಕೊಂಡರು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 5,000 ಅಧಿಕಾರಿಗಳು ಅಲ್ಲಿ ಪಾಠ ಕಲಿತಿದ್ದರು. ಜಲಾಂತರ್ಗಾಮಿಯಲ್ಲೇ ಪಳಗಿದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಅವರನ್ನು ಜಾನೆಟ್ ಓಕೆಲ್ ಎಂಬ ಯುವತಿ ಆ ಆಟದಲ್ಲಿ ಮತ್ತೆ ಮತ್ತೆ ಸೋಲಿಸಿದರು. ಈ ಕತೆ ಹೇಳುವಾಗೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಸರಿ, ನಮಗೇನು ಲಾಭ? ನಾವು ಸೇನಾಪತಿಗಳಾಗಬೇಕಿಲ್ಲ. ನನಗೆ ಕಂಡದ್ದನ್ನು ಹೇಳುತ್ತೇನೆ.

ಹತ್ತು ಸೈನಿಕರು ಗುಂಡು ಹಾರಿಸುತ್ತಾರೆ, 10 ದಾಳ. 4 ಅಥವಾ ಹೆಚ್ಚು ಬಿದ್ದರೆ ಗುಂಡು ತಾಗಿತು. ಸರಾಸರಿ 5 ತಾಗುತ್ತವೆ. ತಾಗಿದ್ದನ್ನು ಮತ್ತೆ ಹಾಕಬೇಕು, 5 ಅಥವಾ 6 ಬಿದ್ದರೆ ಮಾತ್ರ ಎದುರಿನವನು ಬೀಳುತ್ತಾನೆ. ಐದರ ಮೂರನೇ ಒಂದು ಪಾಲು. ಹತ್ತು ಗುಂಡಿಗೆ ಸರಾಸರಿ ಇಬ್ಬರು ಕೂಡ ಬೀಳುವುದಿಲ್ಲ! ಹತ್ತನೇ ಕ್ಲಾಸಿನ ಹುಡುಗನೊಬ್ಬ ನಮ್ಮ ಮೇಜಿನಲ್ಲಿ ಈ ಲೆಕ್ಕವನ್ನು ಕಾಗದ ಇಲ್ಲದೆ ಮಾಡುತ್ತಾನೆ. ಶಾಲೆಯಲ್ಲಿ ಸಂಭವನೀಯತೆ ಅಂದರೆ ಅವನಿಗೆ ಆಗುತ್ತಿರಲಿಲ್ಲ. ದಾಳವನ್ನು ನಾಲ್ಕು ಸಲ ಹಾಕಿದರೆ ಒಂದಾದರೂ ಆರು ಬೀಳುವ ಸಾಧ್ಯತೆ ಶೇ. 52ರ ಹತ್ತಿರ ಎಂದು ಅವನೇ ಒಂದು ದಿನ ಲೆಕ್ಕ ಹಾಕಿ ತೋರಿಸಿದ.

ಲೆಕ್ಕಕ್ಕಿಂತ ದೊಡ್ಡದು ಇನ್ನೊಂದುಂಟು. ಒಳ್ಳೆಯ ಯೋಜನೆ ಮಾಡಿಯೂ ಕೆಟ್ಟ ದಾಳ ಬಿದ್ದು ಸೋಲಬಹುದು. ಪೆದ್ದು ಯೋಜನೆ ಮಾಡಿ ಅದೃಷ್ಟದಿಂದ ಗೆಲ್ಲಬಹುದು. ಆಟ ಮುಗಿದ ಮೇಲೆ ನಾವು ಕೂತು ಮಾತಾಡುವುದು ಇದನ್ನೇ. ನಿರ್ಧಾರ ತಪ್ಪಾಗಿತ್ತಾ, ಅಥವಾ ಬರೀ ದಾಳ ಕೈ ಕೊಟ್ಟಿತಾ? ಎರಡು ಮಾರ್ಕಿಗೆ ಸೀಟು ತಪ್ಪಿದ ಮಗು ತಾನೇ ದಡ್ಡ ಎಂದು ನಂಬಿಬಿಡುವ ಊರಲ್ಲಿ ಈ ವ್ಯತ್ಯಾಸ ಗೊತ್ತಿರುವುದು ಸಣ್ಣ ವಿಷಯ ಅಲ್ಲ.

ಇನ್ನು ಎದುರಾಳಿಯ ಪಕ್ಷ. ಈ ಆಟದಲ್ಲಿ ಯಾರಾದರೂ ಶತ್ರುವಿನ ಕಡೆ ಕೂರಲೇಬೇಕು. ಇದನ್ನು ಕೇಳಿ ಹೊರಗಿನವರು ಗಾಬರಿಯಾಗುತ್ತಾರೆ. "ಬ್ರಿಟಿಷರಾಗಿ ಆಡ್ತೀರಾ? ಮನಸ್ಸು ಹೇಗೆ ಬರ್ತದೆ?" ಅನ್ನುತ್ತಾರೆ. ಆದರೆ ಕರಾವಳಿಯವರಿಗೆ ಇದು ಹೊಸತಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆಯಲ್ಲಿ ಒಬ್ಬರು ರಾಮನಾದರೆ ಇನ್ನೊಬ್ಬರು ವಾಲಿ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ರಾಮನನ್ನು ಪ್ರಶ್ನಿಸುವುದನ್ನು ಕೇಳಲು ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಶೇಣಿಯವರಿಗೆ ರಾಮನ ಮೇಲೆ ಭಕ್ತಿ ಇಲ್ಲ ಎಂದು ಯಾರೂ ಅನ್ನಲಿಲ್ಲ. ಎದುರಿನವನ ನ್ಯಾಯ ಏನು, ಅವನಿಗೆ ಯಾವ ದಾರಿ ಇತ್ತು, ಎಲ್ಲಿ ಎಡವಿದ ಎಂದು ಒಳಹೊಕ್ಕು ನೋಡುವುದು ನಮ್ಮ ನೆಲದ ವಿದ್ಯೆ. ಅರ್ಥಧಾರಿಗಳು ಅದನ್ನು ಮಾತಿನಲ್ಲಿ ಮಾಡುತ್ತಾರೆ. ನಾವು ನಕ್ಷೆಯ ಮೇಲೆ ಮಾಡುತ್ತೇವೆ. ಯುದ್ಧವನ್ನು ಪ್ರೀತಿಸುವವರು ಮಾತ್ರ ಈ ಆಟ ಆಡುತ್ತಾರೆ ಎಂಬುದೂ ಸರಿಯಲ್ಲ. 2019ರಲ್ಲಿ ಬಂದ 'ಗಾಂಧಿ' ಎಂಬ ಆಟದಲ್ಲಿ ನಾಲ್ಕು ಪಕ್ಷಗಳಿವೆ. ಕಾಂಗ್ರೆಸ್ ಪಕ್ಷ ಹಿಡಿದವರು ಹಿಂಸೆ ಇಲ್ಲದೆಯೇ ಗೆಲ್ಲುವ ದಾರಿ ಹುಡುಕಬೇಕು.

ಆಟ ತಲೆಗೇರಿದರೆ ಏನಾಗುತ್ತದೆ ಎಂಬುದೂ ತುಳುನಾಡಿಗೆ ಗೊತ್ತು. ತುಳುವಿನ ಹಾಡುಗತೆ ಸಿರಿ ಪಾಡ್ದನದ ಅವಳಿ ಅಕ್ಕತಂಗಿ ಅಬ್ಬಗ ದಾರಗರ ಕತೆ ಕೇಳಿದ್ದೀರಲ್ವಾ? ಚೆನ್ನೆ, ಅಂದರೆ ಅಳಗುಳಿಮಣೆ, ಆಡುತ್ತಾ ಜಗಳ ಬಂದು, ಚೆನ್ನೆಮಣೆಯ ಪೆಟ್ಟಿಗೆ ಒಬ್ಬಳ ಜೀವ ಹೋಯಿತು. ಇನ್ನೊಬ್ಬಳು ಬಾವಿಗೆ ಹಾರಿದಳು. ಅದಕ್ಕೇ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎನ್ನುತ್ತಾರೆ. ಚೆನ್ನೆ ಆಡುವುದೂ ಮಳೆ ಬಿಡದ ಆಟಿ ತಿಂಗಳಲ್ಲಿ. ಹಿರಿಯರು ಇಷ್ಟೆಲ್ಲ ಆದರೂ ಆಟವನ್ನು ಬಿಸಾಡಲಿಲ್ಲ. ಅದಕ್ಕೊಂದು ಕಾಲ, ಒಂದು ಕಟ್ಟಳೆ ಹಾಕಿ ಮನೆಯೊಳಗೇ ಇಟ್ಟುಕೊಂಡರು. ಈ ವಿವೇಕ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ನಮ್ಮ ಹವ್ಯಾಸಕ್ಕೂ ಕಟ್ಟಳೆ ಬೇಕು. ಮುಚ್ಚಿಡದೆ ಹೇಳುತ್ತೇನೆ.

ದುಡ್ಡು ನಿಜವಾದ ಸಮಸ್ಯೆ. ಈ ಸೈನಿಕರನ್ನು ಮಾಡುವ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಪಟ್ಟಿ ಸೇರಿತು. ಅಷ್ಟು ದೊಡ್ಡ ವ್ಯಾಪಾರ ಇದು. ಭಾರತದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಒಂದು ಪೂರ್ತಿ ಸೇನೆ ಕಟ್ಟಲು ಹೊರಟರೆ ಹತ್ತಾರು ಸಾವಿರ ರೂಪಾಯಿ ಬೇಕು. ಮೊದಲ ವರ್ಷ ನಾನು ಮನೆಯವರಿಗೆ ಹೇಳದೆ ಖರ್ಚು ಮಾಡಿದೆ. ಅದು ತಪ್ಪು. ಅಮ್ಮನ ಮುಜುಗರದಲ್ಲಿ ಆ ಗುಟ್ಟಿನ ಪಾಲೂ ಇತ್ತು.

ಈಗ ನಾವು ಹೊಸಬರಿಗೆ ಏನನ್ನೂ ಕೊಳ್ಳಬೇಡಿ ಎಂದೇ ಹೇಳುತ್ತೇವೆ. ಸೈನಿಕರ ಬದಲಿಗೆ ಒಂದು ಕಡೆಗೆ ಚೆನ್ನೆಯ ಮಂಜೊಟ್ಟಿ ಕಾಯಿ, ಇನ್ನೊಂದು ಕಡೆಗೆ ಹುಣಸೆ ಬೀಜ. ಸೀರೆ ಪೆಟ್ಟಿಗೆಯ ರಟ್ಟಿನಲ್ಲಿ ಮನೆ, ತೆಂಗಿನ ನಾರಿನಲ್ಲಿ ಹುಲ್ಲಿನ ಮಾಡು, ಹಸಿರು ಬಣ್ಣ ಹಾಕಿದ ಮರದ ಹುಡಿಯಲ್ಲಿ ಗದ್ದೆ. ಇದರಲ್ಲಿ ಆರು ತಿಂಗಳು ಆಡಿಯೂ ಇಷ್ಟ ಉಳಿದರೆ ಆಮೇಲೆ ಸೈನಿಕರನ್ನು ತರಿಸಬಹುದು. ಇನ್ನೊಂದು ಮಾತು, ಬಣ್ಣಕ್ಕೆ ಮೊದಲು ಹಾಕುವ ಪ್ರೈಮರನ್ನು ಮಳೆಗಾಲದಲ್ಲಿ ಸ್ಪ್ರೇ ಹೊಡೆಯಲೇಬೇಡಿ. ನಮ್ಮ ಗಾಳಿಯ ತೇವಕ್ಕೆ ಅದು ಹಿಟ್ಟು ಹಿಟ್ಟಾಗಿ ಕೂರುತ್ತದೆ. ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ವಾಸಿ. ರಟ್ಟಿನ ಚೌಕಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಇನ್ನೊಂದು ಕಪ್ಪು ಚುಕ್ಕೆ ಇದಕ್ಕಿಂತ ಗಂಭೀರ. ಈ ಹವ್ಯಾಸದೊಳಗೆ ನಾಜಿ ಸೇನೆಯ ಸಮವಸ್ತ್ರ, ಚಿಹ್ನೆಗಳ ಮೇಲೆ ಮೋಹ ಬೆಳೆಸಿಕೊಂಡವರು ಇದ್ದಾರೆ. 2021ರಲ್ಲಿ ಸ್ಪೇನಿನ ಒಂದು ಪಂದ್ಯಕ್ಕೆ ಆಟಗಾರನೊಬ್ಬ ನಾಜಿ ಗುರುತುಗಳನ್ನು ತೊಟ್ಟು ಬಂದ. ಆಮೇಲೆ ಗೇಮ್ಸ್ ವರ್ಕ್‌ಶಾಪ್, ದ್ವೇಷದ ಗುರುತು ಹಾಕಿಕೊಂಡು ಬಂದವರಿಗೆ ತನ್ನ ಪಂದ್ಯಗಳಲ್ಲಿ ಜಾಗವಿಲ್ಲ ಎಂದು ಹೇಳಬೇಕಾಯಿತು. ವಾಲಿಯ ಅರ್ಥ ಹೇಳುವುದು ಬೇರೆ, ವಾಲಿಯ ತಪ್ಪನ್ನೇ ಪೂಜಿಸುವುದು ಬೇರೆ. ನಮ್ಮ ಗುಂಪಿನಲ್ಲಿ ಈ ಗೆರೆ ಸ್ಪಷ್ಟವಾಗಿದೆ.

ಬಾಗಿಲು ತೆರೆದದ್ದು ಎರಡು ವರ್ಷದ ಹಿಂದೆ. ಹಿಂದಿನ ಕೋಣೆ ಸೋರಿತು. ಬೇರೆ ದಾರಿ ಇಲ್ಲದೆ ಮೇಜನ್ನು ಚಾವಡಿಗೆ ತಂದೆವು. ನಾವು ಅವತ್ತು ಆಡುತ್ತಿದ್ದದ್ದು ನಾವೇ ಮಾಡಿಕೊಂಡ ಆಟ, 1783ರ ಮಂಗಳೂರು ಮುತ್ತಿಗೆ. ಕೋಟೆಯೊಳಗೆ ಬ್ರಿಟಿಷರ ಕರ್ನಲ್ ಕ್ಯಾಂಪ್‌ಬೆಲ್, ಹೊರಗೆ ಟಿಪ್ಪುವಿನ ಸೇನೆ ಮತ್ತು ಅವನ ಜತೆಗಿದ್ದ ಫ್ರೆಂಚರು. ಮುತ್ತಿಗೆ ಶುರುವಾದದ್ದು ಮೇ ತಿಂಗಳಲ್ಲಿ, ಸರೀ ಮಳೆಗಾಲದ ಬಾಗಿಲಲ್ಲಿ. ನಡುವೆ ಯುರೋಪಿನಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ರಾಜಿಯಾದ ಸುದ್ದಿ ಬಂತು. ಫ್ರೆಂಚರು ಹಿಂದೆ ಸರಿದರು. ಆಗಸ್ಟ್‌ನಲ್ಲಿ ಕದನವಿರಾಮ ಆಯಿತು, ಆದರೆ ಕೋಟೆಯೊಳಗಿನ ಹಸಿವು ನಿಲ್ಲಲಿಲ್ಲ. 1784ರ ಜನವರಿ 30ರಂದು ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದ.

ಟಿಪ್ಪು ಹೆಸರೆತ್ತಿದರೆ ನಮ್ಮೂರಲ್ಲಿ ಮಾತು ಬಿಸಿಯಾಗುತ್ತದೆ. ಅದು ನನಗೆ ಗೊತ್ತು. ಆದರೆ ನಕ್ಷೆಯ ಮುಂದೆ ಕೂತಾಗ ಪ್ರಶ್ನೆಗಳೇ ಬದಲಾಗುತ್ತವೆ. ನೇತ್ರಾವತಿ ತುಂಬಿ ಹರಿಯುವಾಗ ಫಿರಂಗಿ ಎಲ್ಲಿ ನಿಲ್ಲಿಸುವುದು? ಹಡಗಿನಿಂದ ಅಕ್ಕಿ ಇಳಿಸುವುದು ಹೇಗೆ? ಕಾಯಿಲೆ ಬಿದ್ದವರಿಗೆ ಏನು ಕೊಡುವುದು? ಒಂದು ಆಟ ಆಡಿದ ಮೇಲೆ ಯುದ್ಧ ಅಂದರೆ ಕುದುರೆ, ಕತ್ತಿ, ಜಯಘೋಷ ಎಂಬ ಭ್ರಮೆ ಯಾರಿಗೂ ಉಳಿಯುವುದಿಲ್ಲ. ಅದು ಮುಖ್ಯವಾಗಿ ಹಸಿವು, ಕೆಸರು ಮತ್ತು ಕಾಯುವುದು.

ಅಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಹತ್ತು ವರ್ಷ ನನ್ನ ಆಟದ ಕಡೆ ತಿರುಗಿಯೂ ನೋಡಿರಲಿಲ್ಲ. ಅವತ್ತು ಪೇಪರ್ ಓದುತ್ತಾ ಚಾವಡಿಯ ಕುರ್ಚಿಯಲ್ಲಿ ಕೂತಿದ್ದರು. ಅರ್ಧ ಗಂಟೆಯ ಮೇಲೆ ಪೇಪರ್ ಕೆಳಗಿಟ್ಟು ಹತ್ತಿರ ಬಂದರು. ಕ್ಯಾಂಪ್‌ಬೆಲ್ ಕಡೆಯ ಹುಡುಗನ ಪಕ್ಕ ನಿಂತು ಹುಣಸೆ ಬೀಜಗಳನ್ನು ಒಂದೊಂದಾಗಿ ಎಣಿಸಿದರು.

"ಕೋಟೆಯೊಳಗೆ ಇಷ್ಟು ಜನ ಉಂಟಲ್ಲ," ಅಂದರು, "ಅಕ್ಕಿ ಎಷ್ಟು ದಿನಕ್ಕುಂಟು?"

ಹುಡುಗ ಹೇಳಿದ. ಅಪ್ಪ ಒಳಗೆ ಹೋಗಿ ಒಂದು ಪೆನ್ಸಿಲ್ ತಂದು, ಕುರ್ಚಿ ಎಳೆದು ಕೂತರು.